ಕಬ್ಬಿಣದ ಉಲ್ಕಾಪಿಂಡದೊಳಗಿನ ಜಡಾನಿಲ: ಎಷ್ಟಿದೆ ಎಂದರೆ ಸಾಲದು, ಯಾವ ಆಳದ್ದೆಂದೂ ಗೊತ್ತಾಗಬೇಕು

2008ರ ಸೆಪ್ಟೆಂಬರ್ 12ರಂದು ಹೊಸೂರು–ಕೃಷ್ಣಗಿರಿ ನಡುವಿನ ಶೂಲಗಿರಿ ಸುತ್ತಮುತ್ತ ಉಲ್ಕಾಪಿಂಡ ಬಿತ್ತು. ಸಿಕ್ಕ ತುಂಡುಗಳ ಒಟ್ಟು ತೂಕ ಸುಮಾರು 110 ಕೆ.ಜಿ. ಅದು ಎಲ್‌ಎಲ್6 ಎಂಬ ವರ್ಗದ ಕಲ್ಲು, ಕಬ್ಬಿಣವಲ್ಲ. ಆದರೂ ಬಾಗಲೂರು, ತಳಿ, ಡೆಂಕಣಿಕೋಟೆ, ವೇಪನಹಳ್ಳಿ ಕಡೆ ಹೊಲ ಉಳುವಾಗ ಕೈಗೆ ಭಾರವಾದ ಕಪ್ಪು ತುಂಡು ಸಿಕ್ಕರೆ ಜನ ಕೇಳುವ ಪ್ರಶ್ನೆ ಎರಡೇ. ಇದು ಆಕಾಶದಿಂದ ಬಿದ್ದದ್ದೇ? ಹೌದಾದರೆ ಎಷ್ಟು ಹಳೆಯದು?

ಎರಡನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಲೋಹ ಕರಗಿ ಗಟ್ಟಿಯಾದ ಕಾಲ ಒಂದು. ಬಹುಪಾಲು ಕಬ್ಬಿಣದ ಪಿಂಡಗಳಿಗೆ ಇದು 450 ಕೋಟಿ ವರ್ಷಕ್ಕೂ ಹಿಂದಿನ ಮಾತು. (ನಮ್ಮದೇ ರಾಜ್ಯವಾದ ತಮಿಳುನಾಡಿನ ಕೊಡೈಕನಾಲ್‌ನಲ್ಲಿ 1898ರಲ್ಲಿ ಸಿಕ್ಕ ಪಿಂಡ ಬೇರೆ ಥರ. ಅದರ ಲೋಹದೊಳಗೆ ಸಿಲಿಕೇಟ್ ಹನಿಗಳಿವೆ, ಅವುಗಳ ವಯಸ್ಸು ಸುಮಾರು 370 ಕೋಟಿ ವರ್ಷ ಮಾತ್ರ.) ತಾಯಿಪಿಂಡ ಒಡೆದು ಚೂರಾದ ಮೇಲೆ ಬಾಹ್ಯಾಕಾಶದಲ್ಲಿ ಬರೀ ಮೈಯಲ್ಲಿ ಅಲೆದ ಕಾಲ ಇನ್ನೊಂದು. ಭೂಮಿಗೆ ಬಿದ್ದ ಮೇಲೆ ಮಣ್ಣಲ್ಲಿ ಕಳೆದ ಕಾಲ ಮೂರನೆಯದು. ಇಲ್ಲಿ ಬರೆಯುತ್ತಿರುವುದು ನಡುವಿನದರ ಬಗ್ಗೆ, ಅಂದರೆ ವಿಶ್ವಕಿರಣಕ್ಕೆ (ಬಾಹ್ಯಾಕಾಶದಲ್ಲಿ ಹರಿದಾಡುವ ಶಕ್ತಿವಂತ ಕಣಗಳಿಗೆ) ಮೈಯೊಡ್ಡಿದ ಕಾಲದ ಬಗ್ಗೆ. ಅದನ್ನು ಹೇಳುವುದು ಲೋಹದೊಳಗೆ ಹುಟ್ಟಿ ಸಿಕ್ಕಿಬಿದ್ದಿರುವ ಹೀಲಿಯಂ, ನಿಯಾನ್, ಆರ್ಗಾನ್ ಎಂಬ ಜಡಾನಿಲಗಳು, ಅಂದರೆ ಬೇರೆ ಧಾತುಗಳೊಂದಿಗೆ ಸುಲಭವಾಗಿ ಕೂಡದ ಅನಿಲಗಳು. ಆದರೆ ಅನಿಲದ ಪ್ರಮಾಣ ಒಂದನ್ನೇ ಹಿಡಿದು ವಯಸ್ಸು ಹೇಳಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಕಾರಣ ಮುಂದೆ ಬರುತ್ತದೆ.

ಮೊದಲ ಪ್ರಶ್ನೆಯನ್ನು ಬೇಗ ಮುಗಿಸೋಣ. ಕೃಷ್ಣಗಿರಿ ಜಿಲ್ಲೆಯಲ್ಲಿ ಕಬ್ಬಿಣದ ಬಳಕೆ ತೀರಾ ಹಳೆಯದು. ಮಯಿಲಾಡುಂಪಾರೈ ಉತ್ಖನನದಲ್ಲಿ ಕಬ್ಬಿಣ ಸಿಕ್ಕ ಪದರದ ಕಾಲ ಕ್ರಿ.ಪೂ. 2172ರವರೆಗೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಹಾಗಾಗಿ ಹೊಲದಲ್ಲಿ ಸಿಗುವ ಕಪ್ಪು ತುಂಡು ಹಳೆಯ ಕುಲುಮೆಯ ಕಿಟ್ಟವಾಗಿರುವ ಸಾಧ್ಯತೆಯೇ ಹೆಚ್ಚು. ಅಯಸ್ಕಾಂತ ನಂಬಬೇಡಿ, ಕಿಟ್ಟಕ್ಕೂ ಅದು ಅಂಟಬಹುದು. ತೂಕ ನೋಡಿ. ದಾರದಲ್ಲಿ ಕಟ್ಟಿ ಗಾಳಿಯಲ್ಲಿ ಒಮ್ಮೆ, ನೀರಲ್ಲಿ ಮುಳುಗಿಸಿ ಒಮ್ಮೆ ತೂಗಬೇಕು. 780 ಗ್ರಾಂ ತುಂಡು ನೀರಲ್ಲಿ 100 ಗ್ರಾಂ ಕಳೆದುಕೊಂಡರೆ ಸಾಂದ್ರತೆ 7.8, ಅದು ಲೋಹ. 200 ಗ್ರಾಂಗಿಂತ ಹೆಚ್ಚು ಕಳೆದುಕೊಂಡರೆ ಸಾಂದ್ರತೆ ನಾಲ್ಕರ ಒಳಗೆ, ಅದು ಕಿಟ್ಟ ಅಥವಾ ಅದಿರು. ಲೋಹ ಎಂದಾದ ಮೇಲೆ ನಿಕ್ಕಲ್ ನೋಡಬೇಕು. ಕಬ್ಬಿಣದ ಉಲ್ಕಾಪಿಂಡಗಳಲ್ಲಿ ನಿಕ್ಕಲ್ ಸಾಮಾನ್ಯವಾಗಿ ಶೇ. 5ಕ್ಕಿಂತ ಮೇಲೆ, ಕೋಬಾಲ್ಟ್ ಶೇ. ಅರ್ಧದ ಆಸುಪಾಸು, ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊಸೂರಿನಲ್ಲಿ ಇದನ್ನು ನೋಡುವುದು ಕಷ್ಟವಲ್ಲ, ಗುಜರಿ ಲೋಹ ವಿಂಗಡಿಸುವವರ ಬಳಿ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ಕಿರಣ ಬಿಟ್ಟು ಯಾವ ಧಾತು ಎಷ್ಟಿದೆಯೆಂದು ತೋರಿಸುವ ಕೈಯಂತ್ರ) ಇರುತ್ತದೆ. ತುಕ್ಕಿನ ಮೇಲೆ ಹಿಡಿಯದೆ, ಅರದಿಂದ ಒಂದು ಕಾಸಿನಗಲ ಉಜ್ಜಿ ಹೊಳಪು ಬಂದ ಕಡೆ ಹಿಡಿಯಬೇಕು. ನಿಕ್ಕಲ್ 8 ಕಂಡು ಜೊತೆಗೆ ಕ್ರೋಮಿಯಂ 18 ಕಂಡರೆ ಅದು 304 ಸ್ಟೇನ್‌ಲೆಸ್ ಸ್ಟೀಲ್. ನಿಕ್ಕಲ್ ಕಾಣದಿದ್ದರೆ ಮುಂದಿನ ಲೆಕ್ಕ ಯಾವುದೂ ಬೇಡ.

ಕಬ್ಬಿಣದಲ್ಲಿ ನಿಯಾನ್ ಎಲ್ಲಿಂದ ಬಂತು

ಗ್ಯಾಲಕ್ಸಿಯಿಂದ ಬರುವ ವಿಶ್ವಕಿರಣಗಳಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಪ್ರೋಟಾನ್‌ಗಳು. ಉಳಿದವುಗಳಲ್ಲಿ ಬಹುಪಾಲು ಹೀಲಿಯಂ ನ್ಯೂಕ್ಲಿಯಸ್‌ಗಳು. ಇವುಗಳ ಶಕ್ತಿ ನೂರಾರು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಿಂದ ಹಿಡಿದು ಅದಕ್ಕೆ ಎಷ್ಟೋ ಪಟ್ಟು ಮೇಲಕ್ಕೆ. ಅಂಥ ಪ್ರೋಟಾನ್ ಕಬ್ಬಿಣ-56ರ (ಹೆಸರಿನ ಜೊತೆಗಿನ ಅಂಕಿ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ) ನ್ಯೂಕ್ಲಿಯಸ್ಸಿಗೆ ಬಡಿದರೆ ಮೊದಲು ಕೆಲವು ಪ್ರೋಟಾನ್, ನ್ಯೂಟ್ರಾನ್‌ಗಳು ಮುಂದಕ್ಕೆ ಸಿಡಿಯುತ್ತವೆ. ಕಾದ ನ್ಯೂಕ್ಲಿಯಸ್ ಆಮೇಲೆ ನ್ಯೂಟ್ರಾನ್, ಪ್ರೋಟಾನ್, ಹೀಲಿಯಂ-4, ಹೀಲಿಯಂ-3, ಟ್ರೈಟಿಯಂ (ಅಂದರೆ ಹೈಡ್ರೋಜನ್-3) ಇವನ್ನು ಆವಿಯ ಹಾಗೆ ಬಿಡುತ್ತಾ ತಣ್ಣಗಾಗುತ್ತದೆ. ಕೊನೆಗೆ ಉಳಿಯುವ ತಿರುಳು ಆರ್ಗಾನ್-38 ಆಗಿರಬಹುದು, ಕ್ಲೋರಿನ್-36 ಆಗಿರಬಹುದು. ಏಟು ತುಂಬಾ ಜೋರಾಗಿದ್ದರೆ ನಿಯಾನ್-21.

ಇಲ್ಲೊಂದು ವ್ಯತ್ಯಾಸವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳಬೇಕು. ಹೀಲಿಯಂ ಎನ್ನುವುದು ಸಿಡಿದ ಚೂರು, ನಿಯಾನ್ ಎನ್ನುವುದು ಉಳಿದ ತಿರುಳು. 56ರಿಂದ 38ಕ್ಕೆ ಇಳಿಯಲು 18 ಕಣ ಕಳೆದುಕೊಳ್ಳಬೇಕು, 21ಕ್ಕೆ ಇಳಿಯಲು 35. ಒಂದು ಕಣ ಕೀಳಲು ಸರಾಸರಿ 8–9 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾಗಿ ನಿಯಾನ್ ಹುಟ್ಟಲು ಶಕ್ತಿವಂತ ಕಣವೇ ಬೇಕು, ಹೀಲಿಯಂ-4 ಸಿಡಿಯಲು ಅದಕ್ಕಿಂತ ಎಷ್ಟೋ ದುರ್ಬಲ ಕಣ ಸಾಕು. ಮುಂದೆ ಹೇಳುವ ಆಳದ ಲೆಕ್ಕ ನಿಂತಿರುವುದು ಇದೊಂದರ ಮೇಲೆ.

ಪ್ರಮಾಣ ಎಷ್ಟು? ಹತ್ತಾರು ಕೋಟಿ ವರ್ಷ ಅಲೆದ ಕಬ್ಬಿಣದಲ್ಲಿ ನಿಯಾನ್-21 ಒಂದು ಗ್ರಾಂಗೆ 4×10⁻⁸ ಘನ ಸೆಂಟಿಮೀಟರ್‌ನ ಆಸುಪಾಸು ಇರುತ್ತದೆ, ಪ್ರಮಾಣಿತ ಉಷ್ಣತೆ ಮತ್ತು ಒತ್ತಡದಲ್ಲಿ. ಹೀಲಿಯಂ-4 ಇದರ 200ರಿಂದ 400 ಪಟ್ಟು. 100 ಮಿಲಿಗ್ರಾಂ ತುಂಡು ತೆಗೆದುಕೊಂಡರೆ ನಿಯಾನ್-21ರ ಪರಮಾಣುಗಳು ಸುಮಾರು ಹತ್ತು ಸಾವಿರ ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಆ ತುಂಡಿನ ಕಬ್ಬಿಣದ ಸಾವಿರ ಕೋಟಿ ಪರಮಾಣುಗಳಿಗೆ ಇದು ಒಂದೇ ಒಂದು. ಜಡಾನಿಲ ಅಲ್ಲದ ಯಾವ ಧಾತುವನ್ನಾದರೂ ಇಷ್ಟು ಸ್ವಲ್ಪ ಹುಡುಕಲು ಹೊರಟರೆ ಮೊದಲಿಂದ ಲೋಹದಲ್ಲೇ ಇದ್ದ ಅದೇ ಧಾತು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕರಗಿದ ಲೋಹದಲ್ಲಿ ಜಡಾನಿಲ ನಿಲ್ಲುವುದಿಲ್ಲವಾದ್ದರಿಂದ ಪಿಂಡ ಹುಟ್ಟುವಾಗಲೇ ಅದು ಬಹುಪಾಲು ಖಾಲಿ. ಆಮೇಲೆ ಸೇರಿದ್ದೆಲ್ಲ ಹೆಚ್ಚುಕಡಿಮೆ ವಿಶ್ವಕಿರಣದ ಕೊಡುಗೆ.

ಇದು ಗೊತ್ತಾಗಲು ಸಮಯ ಹಿಡಿಯಿತು. ರಸಾಯನವಿಜ್ಞಾನಿ ಫ್ರೀಡ್ರಿಕ್ ಪಾನೆಟ್ ಕಬ್ಬಿಣದ ಪಿಂಡಗಳಲ್ಲಿ ಹೀಲಿಯಂ ಅಳೆದು, ಅದು ಯುರೇನಿಯಂ, ಥೋರಿಯಂ ಕ್ಷಯದಿಂದ ಬಂದದ್ದೆಂದು ಎಣಿಸಿ ವಯಸ್ಸು ಹಾಕುತ್ತಿದ್ದರು. ಆ ಹೀಲಿಯಂ ವಿಶ್ವಕಿರಣದಿಂದಲೇ ಬಂದಿರಬಹುದೆಂದು ಕಾರ್ಲ್ ಆಗಸ್ಟ್ ಬಾವರ್ 1947ರಲ್ಲಿ ಸೂಚಿಸಿದರು. ಪರೀಕ್ಷೆ ಸರಳ: ಯುರೇನಿಯಂ ಕ್ಷಯದಿಂದ ಹೀಲಿಯಂ-3 ಬರುವುದಿಲ್ಲ. 1952ರಲ್ಲಿ ಪಾನೆಟ್, ರೀಸ್‌ಬೆಕ್, ಮೇನ್ ಮೂವರೂ ಸೇರಿ ಅಳೆದಾಗ ಹೀಲಿಯಂನ ದೊಡ್ಡ ಪಾಲು ಹೀಲಿಯಂ-3 ಎಂದು ಕಂಡಿತು. ನಮ್ಮ ವಾಯುಮಂಡಲದಲ್ಲಿ ಹೀಲಿಯಂ-4ರ ಹತ್ತು ಲಕ್ಷ ಪರಮಾಣುಗಳಿಗೆ ಹೀಲಿಯಂ-3 ಒಂದೂವರೆಯೂ ಇಲ್ಲ. ಕಬ್ಬಿಣದ ಪಿಂಡದಲ್ಲಿ ನಾಲ್ಕಕ್ಕೆ ಒಂದರಂತೆ ಇರುತ್ತದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ತನ್ನದೇ ಹಳೆಯ ವಯಸ್ಸುಗಳನ್ನು ಕೆಡಹುವ ಅಳತೆಯನ್ನು ಪಾನೆಟ್ ತಾವೇ ಮಾಡಿ ಪ್ರಕಟಿಸಿದರು ಎನ್ನುವುದು ನನಗೆ ಈ ಶಾಖೆಯ ಅತ್ಯಂತ ಗೌರವದ ಘಟ್ಟವಾಗಿ ಕಾಣುತ್ತದೆ.

ಆಳ ಎಂಬ ತೊಡಕು

ಮಳೆ ನಿಂತ ಮೇಲೆ ರಾಗಿ ಹುಲ್ಲಿನ ಮೆದೆಯ ನಡುವಿನಿಂದ ಒಂದು ಹಿಡಿ ಎಳೆದು, ಅದು ಒಣಗಿದೆ ಎಂದು ಮಳೆಯೇ ಬಂದಿಲ್ಲ ಎನ್ನುವಂತಿಲ್ಲ. ಕಬ್ಬಿಣದ ಪಿಂಡದ ವಿಷಯವೂ ಅಷ್ಟೇ. ಶಕ್ತಿವಂತ ಪ್ರೋಟಾನ್ ಕಬ್ಬಿಣದಲ್ಲಿ ಸರಾಸರಿ 17 ಸೆಂ.ಮೀ. ಹೋಗುವಷ್ಟರಲ್ಲಿ ಒಂದು ನ್ಯೂಕ್ಲಿಯಸ್ಸಿಗೆ ಬಡಿಯುತ್ತದೆ. ಒಂದು ಮೀಟರ್ ಒಳಗೆ ಯಾವುದಕ್ಕೂ ಬಡಿಯದೆ ತಲುಪುವುದು ನಾನೂರರಲ್ಲಿ ಒಂದೋ ಏನೋ. ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು ಮುಂದೆ ಸಾಗುತ್ತವೆ, ಆದರೆ ಅವುಗಳ ಶಕ್ತಿ ಕಡಿಮೆ. ಆದ್ದರಿಂದ ಆಳಕ್ಕೆ ಹೋದಂತೆ ಎಲ್ಲ ಅನಿಲವೂ ಕಡಿಮೆಯಾಗುತ್ತದೆ, ಆದರೆ ಒಂದೇ ಪ್ರಮಾಣದಲ್ಲಲ್ಲ. ನಿಯಾನ್-21 ಬೇಗ ಕುಸಿಯುತ್ತದೆ, ಹೀಲಿಯಂ-4 ನಿಧಾನವಾಗಿ. ಅಂದರೆ ಹೀಲಿಯಂ-4ನ್ನು ನಿಯಾನ್-21ರಿಂದ ಭಾಗಿಸಿದರೆ ಬರುವ ಸಂಖ್ಯೆ ಆಳಕ್ಕೆ ಹೋದಂತೆ ಏರುತ್ತದೆ. 200ರ ಹತ್ತಿರ ಬಂದರೆ ಆ ತುಂಡು ಸಣ್ಣ ಪಿಂಡದ್ದು ಅಥವಾ ಮೇಲ್ಮೈಗೆ ಸಮೀಪದ್ದು, 400ರ ಹತ್ತಿರ ಬಂದರೆ ದೊಡ್ಡ ಪಿಂಡದ ಒಳಗಿನದು.

ಇದನ್ನು ಅಚ್ಚುಕಟ್ಟಾಗಿ ತೋರಿಸಿದವರು ಮಿನೆಸೋಟ ವಿಶ್ವವಿದ್ಯಾಲಯದ ಪೀಟರ್ ಸಿಗ್ನರ್ ಮತ್ತು ಆಲ್ಫ್ರೆಡ್ ನೀರ್. ಗ್ರಾಂಟ್ ಎಂಬ ಪಿಂಡದ ನಡುವಿನಿಂದ ಕೊಯ್ದ ಹಲಗೆಯಲ್ಲಿ ಸಾಲಾಗಿ ಚೂರು ತೆಗೆದು, ಪ್ರತಿಯೊಂದರಲ್ಲೂ ಅನಿಲಗಳನ್ನು ಅಳೆದು 1960ರಲ್ಲಿ ಪ್ರಕಟಿಸಿದರು. ಒಂದೇ ಪಿಂಡ, ಒಂದೇ ಕಾಲ, ಆದರೂ ತುಂಡಿನಿಂದ ತುಂಡಿಗೆ ಪ್ರಮಾಣ ಬೇರೆ. ಅವರು ಎಳೆದ ಸಮಪ್ರಮಾಣದ ಗೆರೆಗಳು ಪಿಂಡದ ಮೂಲ ಆಕಾರವನ್ನೇ ಸೂಚಿಸುತ್ತಿದ್ದವು. ವಾತಾವರಣದಲ್ಲಿ ಉರಿದುಹೋದ ಹೊರಭಾಗ ಎಷ್ಟಿತ್ತೆಂದು ಲೆಕ್ಕ ಹಾಕಲು ದಾರಿಯಾದದ್ದು ಇದರಿಂದ. ಮರುವರ್ಷ, 1961ರಲ್ಲಿ, ಜೇಮ್ಸ್ ಆರ್ನಾಲ್ಡ್, ಮಸಾತಾಕೆ ಹೊಂಡಾ ಮತ್ತು ನಮ್ಮ ದೇವೇಂದ್ರ ಲಾಲ್ ಸೇರಿ ಉಲ್ಕಾಪಿಂಡಗಳಲ್ಲಿನ ವಿಶ್ವಕಿರಣದ ದಾಖಲೆಯ ಬಗ್ಗೆ ಬರೆದ ಪ್ರಬಂಧ ಬಂತು. ಆಳದೊಂದಿಗೆ ಕಣಗಳ ಶಕ್ತಿ ಹೇಗೆ ಬದಲಾಗುತ್ತದೆಂದು ಲೆಕ್ಕಕ್ಕೆ ತಂದ ಆ ಕೆಲಸದ ಮೇಲೆಯೇ ಮುಂದಿನ ಮಾದರಿಗಳೆಲ್ಲ ಬೆಳೆದವು.

ಅರಿಜೋನಾದ ಬ್ಯಾರಿಂಜರ್ ಕುಳಿಯನ್ನು ತೋಡಿದ ಪಿಂಡದ ಚೂರುಗಳಾದ ಕ್ಯಾನ್ಯನ್ ಡಿಯಾಬ್ಲೊ ಇನ್ನೂ ಕಷ್ಟದ ಉದಾಹರಣೆ. ಅಪ್ಪಳಿಸಿದ ಪಿಂಡ ಹತ್ತಾರು ಮೀಟರ್ ಅಗಲದ್ದು. ಕೈಗೆ ಸಿಕ್ಕಿ ಅನಿಲ ಕೊಡುವ ಚೂರುಗಳು ಅದರ ಹೊರ ಒಂದೆರಡು ಮೀಟರ್‌ನಿಂದ ಬಂದವು. 1966ರಲ್ಲಿ ಹೇಮನ್ ಮತ್ತು ಜೊತೆಗಾರರು ಆ ಚೂರುಗಳನ್ನು ಅಳೆದಾಗ 54 ಕೋಟಿ, 17 ಕೋಟಿ, 1.5 ಕೋಟಿ ವರ್ಷ ಎಂದು ಮೂರು ಗುಂಪು ಕಂಡವು. ಆಳದ ವ್ಯತ್ಯಾಸವನ್ನು ಕಳೆದ ಮೇಲೂ ಗುಂಪುಗಳು ಉಳಿದವು. ಬಾಹ್ಯಾಕಾಶದಲ್ಲಿಯೇ ಆ ಪಿಂಡ ಮತ್ತೆ ಮತ್ತೆ ಒಡೆದು, ಒಳಗೆ ಮುಚ್ಚಿಕೊಂಡಿದ್ದ ಲೋಹ ಹೊಸದಾಗಿ ಹೊರಬಿತ್ತು ಎನ್ನುವುದು ಇದರ ಅರ್ಥ. ಒಂದೇ ಪಿಂಡಕ್ಕೆ ಒಂದೇ ವಯಸ್ಸು ಇರಲೇಬೇಕೆಂದಿಲ್ಲ.

ಆಳದ ಸೂಚಕವನ್ನು ಕೆಡಿಸುವ ಇನ್ನೊಂದು ಸಂಗತಿ ಲೋಹದೊಳಗಿನ ಗಂಧಕ ಮತ್ತು ರಂಜಕ. ಕಬ್ಬಿಣದ ಪಿಂಡದಲ್ಲಿ ಟ್ರೋಯಿಲೈಟ್ ಎಂಬ ಕಬ್ಬಿಣದ ಸಲ್ಫೈಡ್ ಗಂಟುಗಳೂ, ಶ್ರೈಬರ್ಸೈಟ್ ಎಂಬ ಫಾಸ್ಫೈಡ್ ಎಳೆಗಳೂ ಇರುತ್ತವೆ. ಗಂಧಕ-32ರಿಂದ ನಿಯಾನ್-21ಕ್ಕೆ 11 ಮೆಟ್ಟಿಲು, ರಂಜಕ-31ರಿಂದ 10 ಮೆಟ್ಟಿಲು. ಅಷ್ಟು ಹತ್ತಿರ ಇರುವುದರಿಂದ ದುರ್ಬಲ ನ್ಯೂಟ್ರಾನ್ ಕೂಡ ಅಲ್ಲಿ ನಿಯಾನ್ ಹುಟ್ಟಿಸುತ್ತದೆ. ತುಂಡಿನಲ್ಲಿ ಇವು ಸ್ವಲ್ಪ ಸೇರಿದ್ದರೂ ನಿಯಾನ್-21 ಉಬ್ಬಿ, ಹೀಲಿಯಂ–ನಿಯಾನ್ ಅನುಪಾತ ಇಳಿದು, ಆಳದ ತುಂಡು ಮೇಲ್ಮೈಯದರ ಹಾಗೆ ತೋರುತ್ತದೆ. ಪತ್ತೆಹಚ್ಚಲು ದಾರಿ ಇದೆ. ಶುದ್ಧ ಕಬ್ಬಿಣ-ನಿಕ್ಕಲ್‌ನಲ್ಲಿ ಹುಟ್ಟಿದ ನಿಯಾನ್‌ನಲ್ಲಿ 22ರ ಪ್ರಮಾಣ 21ರ 1.02 ಪಟ್ಟಿನ ಆಸುಪಾಸು ಇರುತ್ತದೆ. ಗಂಧಕ, ರಂಜಕದ ಪಾಲು ಸೇರಿದರೆ ಇದು ಮೇಲೇರುತ್ತದೆ. ಸ್ವಿಟ್ಜರ್‌ಲೆಂಡಿನ ಬರ್ನ್‌ನ ಆಮ್ಮೊನ್, ಲೇಯಾ ಮತ್ತು ಅವರ ಜೊತೆಗೂಡಿದ ಮಸಾರಿಕ್ 2008ರಲ್ಲಿ ಗ್ರಾಂಟ್ ಮತ್ತು ಕಾರ್ಬೋ ಪಿಂಡಗಳಲ್ಲಿ ಇದನ್ನು ವಿವರವಾಗಿ ಬಿಡಿಸಿದರು. ಹಳೆಯ ಪಟ್ಟಿಗಳ ನಿಯಾನ್ ಅಳತೆಗಳನ್ನು ಬಳಸುವಾಗ ಈ ಅನುಪಾತ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಕೊಯ್ಯುವುದರಿಂದ ಅಳೆಯುವವರೆಗೆ

ಎಡವಟ್ಟುಗಳಲ್ಲಿ ಅರ್ಧಪಾಲು ಕೊಯ್ಯುವಾಗಲೇ ಆಗಿಬಿಡುತ್ತವೆ. ಗ್ಯಾಸ್ ಕಟ್ಟರ್ ಹಿಡಿಯಲೇಬಾರದು. ಒಣ ಆಂಗಲ್ ಗ್ರೈಂಡರ್ ಕೂಡ ಬೇಡ, ಅಂಚು ನೀಲಿಯಾಯಿತೆಂದರೆ ಆ ಪದರ ಕೆಟ್ಟ ಹಾಗೆ. ವಜ್ರದ ಬ್ಲೇಡು ಕಲ್ಲಿಗೆ ಸರಿ, ಕಬ್ಬಿಣಕ್ಕಲ್ಲ. ಬಿಸಿಯಲ್ಲಿ ವಜ್ರದ ಕಾರ್ಬನ್ ಕಬ್ಬಿಣಕ್ಕೆ ಇಳಿದು ಬ್ಲೇಡು ಸವೆಯುತ್ತದೆ, ಹಲ್ಲುಗಳಲ್ಲಿ ಲೋಹ ಮೆತ್ತಿಕೊಳ್ಳುತ್ತದೆ. ಕ್ಯೂಬಿಕ್ ಬೋರಾನ್ ನೈಟ್ರೈಡ್ ಅಥವಾ ಅಲ್ಯುಮಿನಾ ಬ್ಲೇಡಿನಲ್ಲಿ, ನಿಧಾನ ವೇಗದಲ್ಲಿ, ಧಾರಾಳ ಕೂಲಂಟ್ ಬಿಟ್ಟು ಕೊಯ್ಯಬೇಕು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಟೂಲ್‌ರೂಮ್‌ಗಳಲ್ಲಿರುವ, ತಂತಿಯಿಂದ ವಿದ್ಯುತ್ ಕಿಡಿ ಹಾರಿಸಿ ಕೊಯ್ಯುವ ವೈರ್‌ಕಟ್ ಯಂತ್ರ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಬಿಸಿ ತಾಗುವ ಪದರ ತೀರಾ ತೆಳು. ಆದರೆ ಸಿಲಿಕೇಟ್ ಗಂಟು ಅಡ್ಡ ಬಂದರೆ ಅಲ್ಲಿ ವಿದ್ಯುತ್ ಹರಿಯದೆ ತಂತಿ ನಿಂತುಬಿಡುತ್ತದೆ, ಕೆಲವೊಮ್ಮೆ ಕಡಿದುಹೋಗುತ್ತದೆ. ನೀರಲ್ಲಿ ಕೊಯ್ದರೆ ಮುಗಿದ ಕೂಡಲೇ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಬಿರುಕುಗಳಲ್ಲಿ ತುಕ್ಕು ಹಿಡಿಯುತ್ತದೆ.

ಕೊಯ್ದ ಮುಖವನ್ನು ಪಾಲಿಶ್ ಮಾಡಿ ನೈಟಾಲ್ ಹಚ್ಚಿ ನೋಡಬೇಕು. ಉಕ್ಕಿನ ಕಣರಚನೆ ನೋಡಲು ಬಳಸುವ ಅದೇ ನೈಟಾಲ್, ಆಲ್ಕೊಹಾಲ್‌ನಲ್ಲಿ ಶೇ. 2ರಿಂದ 5ರಷ್ಟು ನೈಟ್ರಿಕ್ ಆಮ್ಲ. ನಿಕ್ಕಲ್ ಕಡಿಮೆಯಿರುವ ಕಾಮಸೈಟ್, ಹೆಚ್ಚಿರುವ ಟೀನೈಟ್ ಎಂಬ ಲೋಹದ ಪಟ್ಟಿಗಳು ಹೆಣೆದ ವಿಡ್ಮನ್‌ಸ್ಟಾಟನ್ ವಿನ್ಯಾಸ ಎದ್ದು ಬರುತ್ತದೆ. ಹೊರ ಅಂಚಿನ ಕೆಲವು ಮಿಲಿಮೀಟರ್‌ಗಳಲ್ಲಿ ಕಾಮಸೈಟ್ ಮಂಕಾಗಿ, ಒಡೆದ ಕಣಗಳಂತೆ ಕಂಡರೆ ಅದು ವಾತಾವರಣದಲ್ಲಿ ಉರಿಯುವಾಗ ಬಿಸಿಯಾದ ಪದರ. ಅದನ್ನು ಬಿಟ್ಟು ಒಳಗಿಂದ ತೆಗೆಯಬೇಕು. ಆ ಮಂಕು ಇಡೀ ಮುಖಕ್ಕೆ ಹರಡಿದ್ದರೆ ಯಾರೋ ಕುಲುಮೆಯಲ್ಲಿ ಕಾಯಿಸಿದ್ದಾರೆಂಬ ಅನುಮಾನ ಬರಬೇಕು. ಅಂಥ ತುಂಡಿನ ಹೀಲಿಯಂ ಮೇಲೆ ಭರವಸೆ ಇಡಬಾರದು. ಟ್ರೋಯಿಲೈಟ್ ಗಂಟು, ಶ್ರೈಬರ್ಸೈಟ್ ಎಳೆ ಎಲ್ಲಿವೆಯೆಂದು ಗುರುತಿಸಿ ಅವುಗಳಿಂದ ದೂರದಲ್ಲಿ ಚೂರು ಆರಿಸಬೇಕು. ಒಳಗೆ ಅಡಗಿದ್ದವು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಮೇಲೆ ಹೇಳಿದ 22/21ರ ಪರೀಕ್ಷೆ.

50ರಿಂದ 150 ಮಿಲಿಗ್ರಾಂನ ಚೂರನ್ನು ಅಸಿಟೋನ್, ಆಲ್ಕೊಹಾಲ್‌ಗಳಲ್ಲಿ ಅಲ್ಟ್ರಾಸಾನಿಕ್‌ನಿಂದ ತೊಳೆದು, ತೂಗಿ, ತೆಳು ಲೋಹದ ಹಾಳೆಯಲ್ಲಿ ಸುತ್ತಿ ನಿರ್ವಾತದ ನಳಿಕೆಗೆ ಏರಿಸುತ್ತಾರೆ. 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ದಿನಕ್ಕೂ ಹೆಚ್ಚು ಕಾಯಿಸಿದರೆ ಮೇಲ್ಮೈಗೆ ಅಂಟಿದ ಗಾಳಿ ಬಿಡುತ್ತದೆ. ಆಮೇಲೆ ಕುಲುಮೆ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಅನಿಲ ಪೂರ್ತಿ ಬಿಡಲು 1700ಕ್ಕಿಂತ ಮೇಲೆ ಏರಿಸಿ ಅರ್ಧ ಗಂಟೆಯಾದರೂ ಹಿಡಿಯಬೇಕು. ಕಲ್ಲಿನ ತುಂಡುಗಳನ್ನು ಕರಗಿಸಲು ಬಳಸುವ ಮೊಲಿಬ್ಡಿನಂ ಮೂಸೆಯಲ್ಲಿ ನೇರವಾಗಿ ಕಬ್ಬಿಣ ಹಾಕಿದರೆ ಕರಗಿದ ಕಬ್ಬಿಣ ಮೂಸೆಯ ಲೋಹವನ್ನೇ ಕರಗಿಸಿಕೊಳ್ಳುತ್ತಾ ಹೋಗಿ, ತಳ ತೂತಾಗಿ ಕುಲುಮೆಯೇ ಹಾಳಾಗುತ್ತದೆ. ಅದಕ್ಕೆ ಒಳಗೆ ಬೋರಾನ್ ನೈಟ್ರೈಡ್‌ನಂಥ ಸೆರಾಮಿಕ್ ಬಟ್ಟಲು ಇಡುತ್ತಾರೆ. ಕರಗಿಸಿ ಮುಗಿದ ಮೇಲೆ ಅದೇ ತುಂಡನ್ನು ಇನ್ನೂ ಸ್ವಲ್ಪ ಹೆಚ್ಚು ಬಿಸಿಯಲ್ಲಿ ಮತ್ತೊಮ್ಮೆ ಕಾಯಿಸಿ ನೋಡಬೇಕು. ಎರಡನೆಯ ಸಲವೂ ಬ್ಲ್ಯಾಂಕ್‌ಗಿಂತ (ತುಂಡು ಹಾಕದೆ ಕಾಯಿಸಿದಾಗ ಬರುವ ಅನಿಲಕ್ಕಿಂತ) ಹೆಚ್ಚು ಅನಿಲ ಬಂದರೆ ಮೊದಲ ಸಲ ಪೂರ್ತಿ ಬಿಟ್ಟಿರಲಿಲ್ಲ ಎಂದು ತಿಳಿಯಬೇಕು.

ಬಂದ ಅನಿಲದಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಸಾರಜನಕ ಎಲ್ಲ ಇರುತ್ತವೆ. ಕೆಂಪಗೆ ಕಾದ ಟೈಟಾನಿಯಂ ಇವನ್ನು ತಿಂದುಹಾಕುತ್ತದೆ; ಅದು ತಣಿಯುತ್ತಾ ಬಂದಾಗ ಹೈಡ್ರೋಜನ್ನನ್ನೂ ಹೀರುತ್ತದೆ. ದ್ರವ ಸಾರಜನಕದಿಂದ ತಣಿಸಿದ ಇದ್ದಿಲು ಆರ್ಗಾನನ್ನು ಹಿಡಿದಿಟ್ಟುಕೊಂಡಾಗ ಹೀಲಿಯಂ, ನಿಯಾನ್ ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಅಯಾನುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರಕ್ಕೆ, ಹೋಗುತ್ತವೆ. ಇದ್ದಿಲನ್ನು ಬಿಸಿ ಮಾಡಿ ಆರ್ಗಾನನ್ನು ಆಮೇಲೆ ಬಿಡುತ್ತಾರೆ.

ಯಂತ್ರದಲ್ಲಿ ಮೋಸಗಾರ ಸಂಕೇತಗಳು ಹಲವು. ದ್ರವ್ಯರಾಶಿ 20ರಲ್ಲಿ ನಿಯಾನ್-20ರ ಜೊತೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್-40 ಕೂರುತ್ತದೆ, 22ರಲ್ಲಿ ನಿಯಾನ್-22ರ ಜೊತೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಡೈಆಕ್ಸೈಡ್. 3ರಲ್ಲಿ ಹೀಲಿಯಂ-3ರ ಪಕ್ಕ ಮೂರು ಹೈಡ್ರೋಜನ್ ಸೇರಿದ ಅಯಾನು. 36 ಮತ್ತು 38ರಲ್ಲಿ ಹೈಡ್ರೋಜನ್ ಕ್ಲೋರೈಡ್. ಆರ್ಗಾನ್ ಎರಡು ಎಲೆಕ್ಟ್ರಾನ್ ಕಳೆದುಕೊಳ್ಳಲು 43.4 ಎಲೆಕ್ಟ್ರಾನ್ ವೋಲ್ಟ್ ಬೇಕು. ಆದ್ದರಿಂದ ಅಯಾನು ಮೂಲದ ಎಲೆಕ್ಟ್ರಾನ್ ಶಕ್ತಿಯನ್ನು 45ರ ಹತ್ತಿರಕ್ಕೆ ಇಳಿಸಿದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ, ಜೊತೆಗೆ ಸಂಕೇತವೂ ಸ್ವಲ್ಪ ಕುಗ್ಗುತ್ತದೆ. ನನ್ನ ಲೆಕ್ಕದಲ್ಲಿ 22/21 ಅನುಪಾತ ಶೇ. 1ರ ನಿಖರತೆಯಲ್ಲಿ ಬೇಕಿರುವ ಕಬ್ಬಿಣದ ವಿಷಯದಲ್ಲಿ ಆ ನಷ್ಟ ಒಪ್ಪಿಕೊಳ್ಳುವಂಥದ್ದೇ.

ಗಾಳಿಯ ಬೆರಕೆ ಕಳೆಯುವುದು ಸುಲಭ, ಏಕೆಂದರೆ ಎರಡರ ಗುರುತು ಬಲು ಬೇರೆ. ಗಾಳಿಯಲ್ಲಿ ಆರ್ಗಾನ್-36 ಎನ್ನುವುದು 38ರ 5.32 ಪಟ್ಟು, ವಿಶ್ವಕಿರಣದಿಂದ ಹುಟ್ಟಿದ್ದರಲ್ಲಿ 0.65 ಪಟ್ಟು. ಅಳತೆಯಲ್ಲಿ 1.0 ಬಂತೆನ್ನಿ. 5.32ರಿಂದ 1.0 ಕಳೆದರೆ 4.32; 5.32ರಿಂದ 0.65 ಕಳೆದರೆ 4.67. ಭಾಗಿಸಿದರೆ 0.925. ಅಂದರೆ ಆರ್ಗಾನ್-38ರ ಶೇ. 92.5 ಬಾಹ್ಯಾಕಾಶದ್ದು, ಉಳಿದದ್ದು ನಮ್ಮ ಗಾಳಿಯದು. ಅಳೆದ ಅನುಪಾತ 3ಕ್ಕಿಂತ ಮೇಲೆ ಹೋದರೆ ಅರ್ಧಕ್ಕೆ ಅರ್ಧ ಗಾಳಿ. ಅಂಥ ಅಳತೆಯನ್ನು ತಿದ್ದುವುದಕ್ಕಿಂತ ಬಿಟ್ಟು, ತುಕ್ಕಿಲ್ಲದ ಇನ್ನೊಂದು ಚೂರು ಕರಗಿಸುವುದೇ ಲೇಸು.

ಹೀಲಿಯಂ-3ರ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಅದರ ಸುಮಾರು ಅರ್ಧ ನೇರವಾಗಿ ಹುಟ್ಟುವುದಿಲ್ಲ. ಮೊದಲು ಟ್ರೈಟಿಯಂ ಆಗಿ ಹುಟ್ಟಿ, 12.3 ವರ್ಷದ ಅರ್ಧಾಯುಷ್ಯದಲ್ಲಿ ಹೀಲಿಯಂ-3 ಆಗುತ್ತದೆ. ಟ್ರೈಟಿಯಂ ರಾಸಾಯನಿಕವಾಗಿ ಹೈಡ್ರೋಜನ್, ಲೋಹದಲ್ಲಿ ಸಲೀಸಾಗಿ ಓಡಾಡುತ್ತದೆ. ಸೂರ್ಯನ ಹತ್ತಿರ ಹಾದು ಸ್ವಲ್ಪ ಬಿಸಿಯಾದ ಪಿಂಡದಿಂದ ಅದು ಕ್ಷಯಿಸುವ ಮೊದಲೇ ತಪ್ಪಿಸಿಕೊಳ್ಳುತ್ತದೆ. ಹೀಲಿಯಂ-4 ಸರಿಯಿದ್ದು ಹೀಲಿಯಂ-3 ಮಾತ್ರ ಕಡಿಮೆ ಕಂಡರೆ ಅಳತೆ ತಪ್ಪಿತೆಂದು ತಕ್ಷಣ ಎಸೆಯಬೇಡಿ, ಆ ಪಿಂಡ ನಡೆದ ಹಾದಿಯ ಸುಳಿವು ಅಲ್ಲಿರಬಹುದು.

ವಯಸ್ಸಿಗೆ ಬರುವ ದಾರಿ

ಆಳದ ತೊಡಕಿನಿಂದ ಪಾರಾಗಲು ಒಳ್ಳೆಯ ದಾರಿ ಒಂದು ಜೋಡಿಯನ್ನು ಅಳೆಯುವುದು: ಸ್ಥಿರವಾದದ್ದು ಒಂದು, ಅದರೊಂದಿಗೇ ಹುಟ್ಟುವ ವಿಕಿರಣಶೀಲ ಒಂದು. ಆರ್ಗಾನ್-36 ಮತ್ತು ಕ್ಲೋರಿನ್-36 ಅಂಥ ಜೋಡಿ. ಕಬ್ಬಿಣದಲ್ಲಿ ಹುಟ್ಟುವ ಆರ್ಗಾನ್-36ರಲ್ಲಿ ಶೇ. 83–84ರಷ್ಟು ಕ್ಲೋರಿನ್-36ರ ಮೂಲಕವೇ ಬರುತ್ತದೆ. ಕ್ಲೋರಿನ್-36ರ ಅರ್ಧಾಯುಷ್ಯ 3.01 ಲಕ್ಷ ವರ್ಷ. ಕೋಟಿಗಟ್ಟಲೆ ವರ್ಷ ಅಲೆದ ಪಿಂಡದಲ್ಲಿ ಅದು ಹುಟ್ಟುವ ವೇಗ, ಕ್ಷಯಿಸುವ ವೇಗ ಸಮವಾಗಿರುತ್ತವೆ. ಹಾಗಾಗಿ ಈಗಿನ ಕ್ಷಯದ ವೇಗ ಅಳೆದರೆ ಅದೇ ಜಾಗದ, ಅದೇ ಆಳದ ಉತ್ಪಾದನೆಯ ವೇಗ ಸಿಕ್ಕಂತೆ. ಒಂದೇ ಚೂರಿನ ಎರಡು ಅಳತೆ, ಆಳ ತಾನಾಗಿ ಕಳೆದುಹೋಗುತ್ತದೆ.

ಲೆಕ್ಕ ಹೀಗೆ. ಬೆರಕೆ ಕಳೆದ ಆರ್ಗಾನ್-36ನ್ನು ಗ್ರಾಂಗೆ 10⁻⁸ ಘನ ಸೆಂ.ಮೀ.ಗಳಲ್ಲಿ ಬರೆದು, ಕ್ಲೋರಿನ್-36ರ ಚಟುವಟಿಕೆಯಿಂದ ಭಾಗಿಸಿ, ಸುಮಾರು 430ರಿಂದ ಗುಣಿಸಬೇಕು. ಚಟುವಟಿಕೆ ಎಂದರೆ ಕೆ.ಜಿ.ಗೆ ನಿಮಿಷಕ್ಕೆ ಎಷ್ಟು ವಿಘಟನೆ ಎಂಬುದು. ಉತ್ತರ ದಶಲಕ್ಷ ವರ್ಷಗಳಲ್ಲಿ ಬರುತ್ತದೆ. ಆರ್ಗಾನ್ 15, ಕ್ಲೋರಿನ್ 20 ಇದ್ದರೆ 430×15÷20, ಅಂದರೆ ಸುಮಾರು 32 ಕೋಟಿ ವರ್ಷ. ಆ 430 ಎಲ್ಲಿಂದ ಬಂತೆಂದರೆ, 10⁻⁸ ಘನ ಸೆಂ.ಮೀ. ಎಂದರೆ ಕೆ.ಜಿ.ಗೆ 2.69×10¹⁴ ಪರಮಾಣು, ದಶಲಕ್ಷ ವರ್ಷದಲ್ಲಿ 5.26×10¹¹ ನಿಮಿಷ, ಅದನ್ನು 0.835ರಿಂದ ಭಾಗಿಸಿದರೆ 6.3×10¹¹, ಮೊದಲನೆಯದನ್ನು ಇದರಿಂದ ಭಾಗಿಸಿ.

ಕ್ಲೋರಿನ್-36 ಅಳೆಯಲು ವೇಗವರ್ಧಕದ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅದಕ್ಕೆ ಕಬ್ಬಿಣವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ತೂಕ ಗೊತ್ತಿರುವ ಸಾಧಾರಣ ಕ್ಲೋರಿನ್ ಸೇರಿಸಿ, ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರಿಸುತ್ತಾರೆ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಲೆಕ್ಕವಿಲ್ಲದ ಕ್ಲೋರಿನ್ ಸೇರಿ ಕೆಲಸ ಮುಗಿದಂತೆ. ಗಂಧಕ-36ರ ದ್ರವ್ಯರಾಶಿಯೂ 36 ಆದ್ದರಿಂದ ಬೇರಿಯಂ ಸೇರಿಸಿ ಗಂಧಕವನ್ನು ಸಲ್ಫೇಟ್ ಆಗಿ ಕೂರಿಸಿ ತೆಗೆಯಲೇಬೇಕು.

ಈ ದಾರಿಯ ಕುಂದು, ಭೂಮಿಗೆ ಬಿದ್ದ ಕಾಲ. ಬಿದ್ದ ಮೇಲೆ ಕ್ಲೋರಿನ್-36 ಹುಟ್ಟುವುದು ನಿಲ್ಲುತ್ತದೆ, ಕ್ಷಯ ಮುಂದುವರಿಯುತ್ತದೆ. ಒಂದು ಲಕ್ಷ ವರ್ಷ ಮಣ್ಣಲ್ಲಿದ್ದರೆ ಉಳಿಯುವುದು ಶೇ. 79. ಅದನ್ನು ಗಮನಿಸದೆ ಭಾಗಿಸಿದರೆ ವಯಸ್ಸು ಶೇ. 26 ಹೆಚ್ಚಾಗಿ ಬರುತ್ತದೆ. 1947ರ ಫೆಬ್ರವರಿ 12ರಂದು ಜನರ ಕಣ್ಣೆದುರೇ ಬಿದ್ದ ಸಿಖೋಟೆ-ಅಲೀನ್‌ನಂಥದಕ್ಕೆ ಈ ಚಿಂತೆಯಿಲ್ಲ. ಹೊಲದಲ್ಲಿ ಸಿಕ್ಕದ್ದಕ್ಕೆ ಕ್ಯಾಲ್ಸಿಯಂ-41 ಅಥವಾ ಬೆರಿಲಿಯಂ-10 ಕೂಡ ಅಳೆದು ಬಿದ್ದ ಕಾಲವನ್ನು ಬೇರೆಯಾಗಿ ಕಂಡುಕೊಳ್ಳಬೇಕು.

ಇನ್ನೊಂದು ಜೋಡಿ ಪೊಟ್ಯಾಸಿಯಂ-40 ಮತ್ತು 41. ಹಾನ್ಸ್ ವೋಶೇಜ್ ಜರ್ಮನಿಯಲ್ಲಿ ಬೆಳೆಸಿದ ವಿಧಾನ ಇದು. ಪೊಟ್ಯಾಸಿಯಂ-40ರ ಅರ್ಧಾಯುಷ್ಯ 125 ಕೋಟಿ ವರ್ಷ, ಹಾಗಾಗಿ ಇದು ದೀರ್ಘಕಾಲದ ಸರಾಸರಿಯನ್ನು ಹೇಳುತ್ತದೆ, ಭೂಮಿಯ ಮೇಲಿನ ಲಕ್ಷ ವರ್ಷ ಇದಕ್ಕೆ ಲೆಕ್ಕಕ್ಕೇ ಇಲ್ಲ. ಇದರಿಂದ, ಕಬ್ಬಿಣದ ಪಿಂಡಗಳನ್ನು ರಾಸಾಯನಿಕ ಸಂಯೋಜನೆಯ ಮೇಲೆ ವಿಂಗಡಿಸಿದ ಗುಂಪುಗಳಲ್ಲಿ, ಥ್ರೀ-ಎಬಿ ಗುಂಪಿನ ಬಹಳಷ್ಟು ಪಿಂಡಗಳು 65 ಕೋಟಿ ವರ್ಷದ ಸುತ್ತ, ಫೋರ್-ಎ ಗುಂಪಿನವು 40 ಕೋಟಿಯ ಸುತ್ತ ಗುಂಪುಗೂಡುತ್ತವೆ ಎಂದು ಕಂಡಿತು. ಒಂದೊಂದು ಗುಂಪಿನ ತಾಯಿಪಿಂಡ ಆಗ ದೊಡ್ಡ ಡಿಕ್ಕಿಯಲ್ಲಿ ಒಡೆದಿರಬೇಕು. ಡೀಪ್ ಸ್ಪ್ರಿಂಗ್ಸ್ ಎಂಬ ಪಿಂಡಕ್ಕೆ ಬಂದದ್ದು ಸುಮಾರು 230 ಕೋಟಿ ವರ್ಷ. ಕಲ್ಲಿನ ಉಲ್ಕೆಗಳ ಕತೆಯೇ ಬೇರೆ. ಅವು ಬೇಗ ಪುಡಿಯಾಗುತ್ತವೆ. ಎಚ್ ವರ್ಗದ ಕಾಂಡ್ರೈಟ್ ಎಂಬ ಕಲ್ಲಿನ ಉಲ್ಕೆಗಳಲ್ಲಿ ಬಹಳಷ್ಟು 70 ಲಕ್ಷ ವರ್ಷದ ಸುತ್ತ, ಹತ್ತು ಕೋಟಿ ದಾಟುವವು ಅಪರೂಪ.

ಈ ಎರಡು ದಾರಿಗಳು ಒಂದೇ ಉತ್ತರ ಕೊಡಬೇಕಿತ್ತು, ಕೊಡುವುದಿಲ್ಲ. ಪೊಟ್ಯಾಸಿಯಂ ವಯಸ್ಸು ಕ್ಲೋರಿನ್–ಆರ್ಗಾನ್ ವಯಸ್ಸಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಲಾವಿಯೆಲ್ ಮತ್ತು ಜೊತೆಗಾರರು 1999ರಲ್ಲಿ ಇದನ್ನು ಹೀಗೆ ವಿವರಿಸಿದರು: ಕ್ಲೋರಿನ್-36 ಕಳೆದ ಹತ್ತಾರು ಲಕ್ಷ ವರ್ಷದ ಕಿರಣವನ್ನಷ್ಟೇ ಕಂಡಿದೆ, ಇತ್ತೀಚೆಗೆ ಕಿರಣದ ಪ್ರಮಾಣ ಹಿಂದಿನ ಸರಾಸರಿಗಿಂತ ಹೆಚ್ಚಾಗಿದ್ದರೆ ಉತ್ಪಾದನೆಯ ವೇಗ ಹೆಚ್ಚೆಂದು ತೋರಿ ವಯಸ್ಸು ಕಡಿಮೆ ಬರುತ್ತದೆ. 2002ರಲ್ಲಿ ಖಭೌತವಿಜ್ಞಾನಿ ನಿರ್ ಶಾವಿವ್ ಇನ್ನೂ ಮುಂದೆ ಹೋಗಿ, ಪೊಟ್ಯಾಸಿಯಂ ವಯಸ್ಸುಗಳ ಹಂಚಿಕೆಯಲ್ಲಿ ಸುಮಾರು 14 ಕೋಟಿ ವರ್ಷದ ಏರಿಳಿತ ಕಂಡು, ಸೂರ್ಯ ಗ್ಯಾಲಕ್ಸಿಯ ಸುರುಳಿ ತೋಳುಗಳನ್ನು ದಾಟುವುದೇ ಅದಕ್ಕೆ ಕಾರಣವೆಂದರು. ಒಂದೇ ಡಿಕ್ಕಿಯಲ್ಲಿ ಹುಟ್ಟಿದ ಹಲವು ಪಿಂಡಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಇಲ್ಲದ ಏರಿಳಿತವೂ ಕಾಣುತ್ತದೆ ಎಂಬುದು ಅದಕ್ಕೆ ಬಂದ ಮುಖ್ಯ ಆಕ್ಷೇಪ. ಅದು ನನಗೂ ಸರಿಯೆನಿಸುತ್ತದೆ. ಬರ್ನ್ ತಂಡ ಹೊಸ ಅಳತೆ, ಹೊಸ ಮಾದರಿಗಳಿಂದ ಹಲವಾರು ಪಿಂಡಗಳನ್ನು ಮತ್ತೆ ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದಾಗ ಆ ಆವರ್ತನದ ಕುರುಹು ಕಾಣಲಿಲ್ಲ.

ತುಂಡು ನಿಜವಾಗಿಯೂ ನಿಕ್ಕಲ್ ಇರುವ ಕಬ್ಬಿಣವೆಂದು ಗೊತ್ತಾದರೆ, ಸುತ್ತಿಗೆಯಿಂದ ಬಡಿಯದೆ, ಕಾಯಿಸದೆ, ಎಣ್ಣೆ ಸವರದೆ ಒಣಗಿದ ಡಬ್ಬಿಯಲ್ಲಿಟ್ಟು, ಸಿಕ್ಕ ಜಾಗದ ಅಕ್ಷಾಂಶ–ರೇಖಾಂಶ, ಮಣ್ಣಿನಲ್ಲಿದ್ದ ಆಳ, ಪೂರ್ತಿ ತೂಕ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಕ್ಕೆ ತಿಳಿಸಬೇಕು; ದೇಶದ ಉಲ್ಕಾಪಿಂಡಗಳ ಭಂಡಾರ ಕೋಲ್ಕತ್ತದಲ್ಲಿ ಅವರ ಬಳಿಯಿದೆ. ಹಲವು ಚೂರು ಸಿಕ್ಕಿದ್ದರೆ ಪ್ರತಿಯೊಂದಕ್ಕೂ ಬೇರೆ ಚೀಟಿ ಅಂಟಿಸಿ. ಒಂದೇ ಪಿಂಡದ ಬೇರೆ ಬೇರೆ ಆಳದವೆಂದು ಕಂಡುಬಂದರೆ ಹೀಲಿಯಂ–ನಿಯಾನ್ ಅನುಪಾತದಿಂದ ಮೂಲ ಗಾತ್ರವನ್ನೂ ಲೆಕ್ಕಹಾಕಬಹುದು. ಯಾವ ಚೂರು ಎಲ್ಲಿ ಸಿಕ್ಕಿತೆಂಬುದು ಕಲಸಿಹೋದರೆ ಆ ಲೆಕ್ಕದ ಆಧಾರ ಅರ್ಧ ಹೋಯಿತು.